ವಿಂಡೋ ಸೀಟ್‌ಗೆ ದುಡ್ಡು ಕೊಡ್ತೀರಾ? ಮೊದಲು ಎಡವೋ ಬಲವೋ ನೋಡಿ

ಫ್ಲೈಟ್ ಬುಕ್ ಮಾಡೋವಾಗ ಸೀಟ್ ಮ್ಯಾಪ್ ಬರತ್ತೆ. ಕಿಟಕಿ ಪಕ್ಕದ ಸೀಟಿಗೆ ಎಕ್ಸ್‌ಟ್ರಾ ದುಡ್ಡು. ಸರಿ, ಕೊಡ್ತೀವಿ. ಹತ್ತಿ ಕೂತರೆ ಕಾಣೋದು ಬರೀ ರೆಕ್ಕೆ, ಇಲ್ಲಾಂದ್ರೆ ಕಣ್ಣು ಕುಕ್ಕೋ ಬಿಸಿಲು. ಅದೇ ಹೊತ್ತಿಗೆ ಆಚೆ ಬದಿಯವರು ಹಿಮಾಲಯದ ಫೋಟೊ ತೆಗೀತಿರ್ತಾರೆ! ನಾವಾದ್ರೆ ‘ಮುಂದಿನ ಸಲ ನೋಡೋಣ’ ಅಂತೀವಿ. ಆದರೆ ಮೊದಲ ಸಲ ವಿಮಾನ ಹತ್ತೋ ಅಪ್ಪ-ಅಮ್ಮನಿಗೂ ಸೀಟು ಆರಿಸೋದು ನಾವೇ ತಾನೇ? ಅದಕ್ಕೆ, ದುಡ್ಡು ಕಟ್ಟೋ ಮುಂಚೆ ನೋಡಬೇಕಾದ ಮೂರು ವಿಷಯ ಹೇಳ್ತೀನಿ.

ಒಂದು: ದಿಕ್ಕು

ಏರ್‌ಬಸ್ ಎ320, ಬೋಯಿಂಗ್ 737 ಥರದ ವಿಮಾನಗಳಲ್ಲಿ ಮುಂದಕ್ಕೆ ಮುಖ ಮಾಡಿ ಕೂತಾಗ ‘ಎ’ ಸೀಟು ಎಡತುದಿ, ‘ಎಫ್’ ಬಲತುದಿ. ಇಷ್ಟು ಗೊತ್ತಿದ್ರೆ ಅರ್ಧ ಕೆಲಸ ಮುಗೀತು.

ದೆಹಲಿಯಿಂದ ಬಾಗ್ಡೋಗ್ರಾಗೆ ಹೋಗೋ ಫ್ಲೈಟ್ ತಗೊಳ್ಳಿ. ಡಾರ್ಜಿಲಿಂಗ್, ಸಿಕ್ಕಿಂಗೆ ಹೋಗೋರು ಇಳಿಯೋದು ಅಲ್ಲೇ. ವಿಮಾನ ಹೆಚ್ಚುಕಮ್ಮಿ ಪೂರ್ವಕ್ಕೆ, ಹಿಮಾಲಯಕ್ಕೆ ಸಮಾನಾಂತರವಾಗಿ ಹಾರತ್ತೆ. ಪೂರ್ವಕ್ಕೆ ಮುಖ ಮಾಡಿದ್ರೆ ಎಡಗಡೆ ಉತ್ತರ. ಅಂದ್ರೆ ‘ಎ’ ಸೀಟು. ಆಕಾಶ ತಿಳಿಯಾಗಿದ್ರೆ 8,849 ಮೀಟರ್ ಎತ್ತರದ ಎವರೆಸ್ಟ್, ಇಳಿಯೋ ಹೊತ್ತಿಗೆ 8,586 ಮೀಟರ್‌ನ ಕಾಂಚನಜುಂಗಾ, ಎರಡೂ ಅದೇ ಬದಿಗೆ. ವಾಪಸ್ ಬರುವಾಗ ‘ಎಫ್’. ಅಭ್ಯಾಸಬಲದಿಂದ ಮತ್ತೆ ‘ಎ’ ಒತ್ತಿದ್ರೆ ಸಿಗೋದು ಗಂಗಾ ಬಯಲು ಮಾತ್ರ.

ಬೆಂಗಳೂರಿನಿಂದ ನೇರ ಬಾಗ್ಡೋಗ್ರಾಗೆ ಹೋದ್ರೆ ಲೆಕ್ಕ ಬೇರೆ. ವಿಮಾನ ಉತ್ತರ-ಈಶಾನ್ಯಕ್ಕೆ ಹೋಗೋದರಿಂದ ಪರ್ವತ ಎದುರಿಗೆ ಬರತ್ತೆ, ಪಕ್ಕದ ಕಿಟಕಿಗೆ ಸಿಗೋದು ಕಷ್ಟ. ಈ ನೋಟಕ್ಕಾಗಿಯೇ ದುಡ್ಡು ಕೊಡೋದಾದ್ರೆ ದೆಹಲಿ ಮೇಲಿನ ದಾರಿಯೇ ವಾಸಿ.

ಅನುಮಾನ ಇದ್ರೆ ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ಫ್ಲೈಟ್ ನಂಬರ್ ಹಾಕಿ, ಹಿಂದಿನ ದಿನಗಳಲ್ಲಿ ಹಾರಿದ ದಾರಿ ನೋಡಿ. ಹವಾಮಾನಕ್ಕೆ ತಕ್ಕಂತೆ ದಾರಿ ಬದಲಾಗಬಹುದು, ಅಂದಾಜಂತೂ ಸಿಗತ್ತೆ.

ಎರಡು: ಬಿಸಿಲು

ಬೆಳಗ್ಗೆ ಪೂರ್ವದ ಕಿಟಕಿ, ಸಂಜೆ ಪಶ್ಚಿಮದ ಕಿಟಕಿ ಬಿಸಿಲಿಗೆ ಸಿಕ್ಕತ್ತೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಹಾಗಾಗಿ ಹಿಮಾಲಯ ನೋಡೋಕೆ ಉತ್ತರದ ಕಿಟಕಿ ಎರಡು ಥರ ಲಾಭ: ಕಣ್ಣಿಗೆ ಬಿಸಿಲಿಲ್ಲ, ಬೆಳಕು ನೇರ ಹಿಮದ ಮೇಲೆ. ಮಳೆಗಾಲ ಮುಗಿದ ಅಕ್ಟೋಬರ್, ನವೆಂಬರ್‌ನ ಬೆಳಗಿನ ಫ್ಲೈಟ್ ಒಳ್ಳೇದು. ಹೊತ್ತೇರಿದ ಹಾಗೆ ಪರ್ವತಕ್ಕೆ ಮೋಡ ಕವಿಯತ್ತೆ.

ಸೂರ್ಯಾಸ್ತವೇ ಬೇಕಾ? ಸಂಜೆ ಮುಂಬೈಯಿಂದ ಬೆಂಗಳೂರಿಗೆ ಬರುವಾಗ ‘ಎಫ್’ ಹಿಡೀರಿ.

ಮೂರು: ರೆಕ್ಕೆ

ಎ320, 737ರಲ್ಲಿ ಮಧ್ಯದ ಎಮರ್ಜೆನ್ಸಿ ಎಕ್ಸಿಟ್ ಸಾಲು ಇರೋದು ರೆಕ್ಕೆಯ ಮೇಲೆ. ಸೀಟ್ ಮ್ಯಾಪ್‌ನಲ್ಲಿ ಅದನ್ನ ಗುರುತಿಸಿ, ಮುಂದಕ್ಕೆ ಐದಾರು ಸಾಲು, ಹಿಂದಕ್ಕೆ ಏಳೆಂಟು ಸಾಲು ಬಿಡಿ. ಫೋಟೊಗೆ ಮುಂದಿನದೇ ಉತ್ತಮ, ಹಿಂದೆ ಎಂಜಿನ್‌ನ ಬಿಸಿಗಾಳಿಗೆ ದೃಶ್ಯ ಅಲುಗಾಡಿದಂತೆ ಬರತ್ತೆ. ಚಿಕ್ಕ ಊರುಗಳಿಗೆ ಓಡಾಡೋ ಎಟಿಆರ್ ವಿಮಾನದಲ್ಲಿ ರೆಕ್ಕೆ ಮೇಲ್ಗಡೆ ಇರತ್ತೆ, ಹಾರೋದೂ ತಗ್ಗಿನಲ್ಲಿ. ಕೆಳಗಿನ ಹೊಲ, ಕೆರೆ ಚೆನ್ನಾಗಿ ಕಾಣತ್ತೆ.

ಇನ್ನೊಂದು ಎಚ್ಚರಿಕೆ. 737ರ ಎಡಬದಿಯಲ್ಲಿ, ರೆಕ್ಕೆಗಿಂತ ಸ್ವಲ್ಪ ಮುಂದೆ, ಒಂದು ಕಡೆ ಕಿಟಕಿಯೇ ಇರಲ್ಲ. ಎಸಿ ಗಾಳಿಯ ಪೈಪು ಅಲ್ಲಿ ಗೋಡೆಯೊಳಗೆ ಹಾದುಹೋಗತ್ತೆ. ಹೆಸರಿಗೆ ವಿಂಡೋ ಸೀಟು, ನೋಡೋಕೆ ಗೋಡೆ!

ಬಾಗ್ಡೋಗ್ರಾ ವಾಯುಪಡೆಯ ನೆಲೆ ಕೂಡ ಹೌದು. ಇಳಿಯುವಾಗ, ಏರುವಾಗ ಸಿಬ್ಬಂದಿ ಫೋಟೊ ಬೇಡ ಅಂದ್ರೆ ಫೋನ್ ಒಳಗಿಡಿ.

ಬೇಕಾದ ಬದಿ ಸಿಗದೇ ಇದ್ರೆ? ಎಕ್ಸ್‌ಟ್ರಾ ದುಡ್ಡು ಉಳಿಸಿ. ವೆಬ್ ಚೆಕ್-ಇನ್ ಶುರುವಾದ ತಕ್ಷಣ ಮತ್ತೆ ನೋಡಿ, ಕೌಂಟರ್‌ನಲ್ಲೂ ಒಂದು ಮಾತು ಕೇಳಿ. ತಪ್ಪು ಬದಿಯ ಕಿಟಕಿಗೆ ಕೊಟ್ಟ ದುಡ್ಡು ನೋಟಕ್ಕಲ್ಲ, ಗೋಡೆಗೆ ಒರಗಿ ನಿದ್ದೆ ಮಾಡೋಕೆ ಅಷ್ಟೇ.