ಗಾಜಿನ ತೊಟ್ಟಿಯ ನೆರೆಹೊರೆ

ಬಣ್ಣದ ಮೀನುಗಳನ್ನು ಮಾರುವ ಅಂಗಡಿಗೆ ಮೊದಲ ಸಲ ಕಾಲಿಟ್ಟ ವಿದ್ಯಾರ್ಥಿಯು ಸಾಮಾನ್ಯವಾಗಿ ಕಣ್ಣಿಗೆ ಚೆನ್ನಾಗಿ ಕಂಡುದರಲ್ಲೆಲ್ಲ ಒಂದೊಂದನ್ನು ಆರಿಸಿಕೊಳ್ಳುತ್ತಾನೆ. ಒಂದು ಚಿನ್ನದ ಮೀನು, ಪಟ್ಟೆಪಟ್ಟೆಯ ಎರಡು ಟೈಗರ್ ಬಾರ್ಬ್, ನೀಳವಾದ ಈಜುರೆಕ್ಕೆಗಳ ಒಂದು ಏಂಜಲ್, ಕಡುನೀಲಿಯ ಒಂದು ಫೈಟರ್, ಗಾಜಿಗೆ ಅಂಟಿಕೊಂಡು ಪಾಚಿಯನ್ನು ಕೆರೆದು ತಿನ್ನುವ ಒಂದು ‘ಸಕ್ಕರ್’ - ಇಷ್ಟನ್ನೂ ಕೊಂಡು ತಂದು ಆಗತಾನೆ ನೀರು ತುಂಬಿದ ತೊಟ್ಟಿಗೆ ಬಿಡುತ್ತಾನೆ. ಮೊದಲ ವಾರ ಮನೆಮಂದಿಯೆಲ್ಲ ತೊಟ್ಟಿಯ ಮುಂದೆ ನಿಂತಿರುತ್ತಾರೆ. ಎರಡನೆಯ ವಾರದಲ್ಲಿ ಏಂಜಲಿನ ರೆಕ್ಕೆ ಹರಿದು ಚಿಂದಿಯಾಗಿರುತ್ತದೆ. ಮೂರನೆಯ ವಾರದಲ್ಲಿ ನೀರು ಮಬ್ಬಾಗಿ, ಬೆಳಗ್ಗೆ ಎದ್ದು ನೋಡಿದರೆ ಒಂದೆರಡು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ತಿಂಗಳು ತುಂಬುವಷ್ಟರಲ್ಲಿ ತೊಟ್ಟಿ ಅಟ್ಟವನ್ನು ಸೇರುತ್ತದೆ. ‘ನಮ್ಮ ಕೈಗುಣ ಸರಿಯಿಲ್ಲ’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಕೈಗುಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಆ ಐದು ಜಾತಿಗಳು ಒಂದು ಚಿಕ್ಕ ತೊಟ್ಟಿಯಲ್ಲಿ ಕೂಡಿ ಬಾಳತಕ್ಕವುಗಳೇ ಅಲ್ಲ. ಹಾಗಾದರೆ ಕೂಡಿ ಬಾಳತಕ್ಕವು ಯಾವುವು, ಅದನ್ನು ಮೊದಲೇ ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಈ ಪ್ರಶ್ನೆ ಮನೆಯ ಮತ್ಸ್ಯಾಲಯದಷ್ಟೇ ಹಳೆಯದು. ಲಂಡನ್ನಿನ ರಸಾಯನವಿಜ್ಞಾನಿಯಾದ ರಾಬರ್ಟ್ ವಾರಿಂಗ್ಟನ್ ಎಂಬಾತನು 1849ರಲ್ಲಿ ಒಂದು ಗಾಜಿನ ಪಾತ್ರೆಗೆ ನೀರು ತುಂಬಿ, ತಳದಲ್ಲಿ ಮರಳು ಹಾಸಿ, ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನು ನೆಟ್ಟು, ಚಿನ್ನದ ಮೀನುಗಳನ್ನು ಬಿಟ್ಟನು. ನಾಡೆಯಂತಹ ಎಲೆಗಳ ಈ ಗಿಡ ನಮ್ಮ ದೇಶದ ಕೆರೆಗಳಲ್ಲಿಯೂ ಬೆಳೆಯುತ್ತದೆ. ಮೀನು ಹೊರಬಿಡುವ ಇಂಗಾಲಾಮ್ಲವನ್ನು ಗಿಡ ಹೀರಿಕೊಂಡು ಆಮ್ಲಜನಕವನ್ನು ಕೊಡುವುದಾದರೆ ನೀರನ್ನು ಬದಲಾಯಿಸುವ ಅಗತ್ಯವೇ ಇರಲಾರದೆಂಬುದು ಅವನ ಎಣಿಕೆ. ಸ್ವಲ್ಪ ಕಾಲ ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಮುದಿ ಎಲೆಗಳು ಕೊಳೆತು ಲೋಳೆಗಟ್ಟಿ ನೀರು ಕೆಡತೊಡಗಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತ ಎಲೆಯನ್ನು ತಿಂದು ಮುಗಿಸಿದುವು, ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದುವು, ನೀರು ತಿಳಿಯಾಯಿತು. 1850ರಲ್ಲಿ ಅವನು ಈ ಸಂಗತಿಯನ್ನು ಲಂಡನ್ನಿನ ರಸಾಯನ ಸಂಘದ ಮುಂದಿಟ್ಟನು. ಎರಡು ಜೀವಿಗಳ ನಡುವಣ ಕೊರತೆಯನ್ನು ಮೂರನೆಯದೊಂದು ತುಂಬಿತೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

ಆದರೆ ವಾರಿಂಗ್ಟನ್ನನ ಪಾತ್ರೆಯಲ್ಲಿ ಅವನಿಗೆ ತಿಳಿಯದಿದ್ದ ನಾಲ್ಕನೆಯ ಒಕ್ಕಲೊಂದಿತ್ತು. ಮೀನು ತಾನು ತಿಂದ ಸಸಾರಜನಕದ ಕಸವನ್ನು ಬಹುಪಾಲು ಅಮೋನಿಯದ ರೂಪದಲ್ಲಿ ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ಅಮೋನಿಯ ಮೀನಿಗೇ ವಿಷ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಹರಿದುಹೋಗಲು ದಾರಿಯಿಲ್ಲ. ಅದನ್ನು ನಿವಾರಿಸುವ ಕೆಲಸ ಮರಳಿನ ಕಣಗಳಿಗೂ ಶೋಧಕದ ಸ್ಪಂಜಿಗೂ ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಗಳದು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಹೀಮೊಗ್ಲೋಬಿನ್ನಿಗೆ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ತಪ್ಪಿಸಿ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ನೈಟ್ರೇಟಿನ ಬಾಧೆ ಬಹಳ ಕಡಿಮೆ. ಗಿಡಗಳು ಅದನ್ನು ಗೊಬ್ಬರವಾಗಿ ಬಳಸಿಕೊಳ್ಳುತ್ತವೆ. ಇಂತಹ ಬ್ಯಾಕ್ಟೀರಿಯಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವನು ರಷ್ಯದ ವಿನೊಗ್ರಾಡ್‌ಸ್ಕಿ. ಇವು ಬೆಳೆಯುವುದು ನಿಧಾನ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ನಮ್ಮ ವಿದ್ಯಾರ್ಥಿಯ ಮೀನುಗಳು ಮೂರನೆಯ ವಾರದಲ್ಲಿ ಸತ್ತುದೇಕೆಂಬುದು ಈಗ ಸ್ಪಷ್ಟವಾಗುತ್ತದೆ. ಮೀನಿಗೆ ನೆರೆಯವರನ್ನು ಹುಡುಕುವುದಕ್ಕೆ ಮುಂಚೆ ಈ ಕಾಣದ ನೆರೆಯವರನ್ನು ನೆಲೆಗೊಳಿಸಬೇಕು. ಇದಕ್ಕೆ ಗಿಡಗಳನ್ನು ನೆಟ್ಟು, ಚಿಟಿಕೆ ಮೀನಿನ ಆಹಾರವನ್ನು ಆಗಾಗ ಹಾಕಿ, ಕೆಲವು ವಾರ ತೊಟ್ಟಿಯನ್ನು ಮೀನಿಲ್ಲದೆಯೇ ನಡೆಸುವುದು ಮೇಲು. ಹಳೆಯ ಆರೋಗ್ಯಕರ ತೊಟ್ಟಿಯ ಮರಳನ್ನೋ ಸ್ಪಂಜನ್ನೋ ಗೆಳೆಯರಿಂದ ಸ್ವಲ್ಪ ತಂದು ಹಾಕಿದರೆ ಕೆಲಸ ಬೇಗನಾಗುತ್ತದೆ. ಮೊಸರಿಗೆ ಹೆಪ್ಪು ಹಾಕಿದಂತೆ.

ಇನ್ನು ಎಷ್ಟು ಮೀನು ಎಂಬ ಪ್ರಶ್ನೆ. ಒಂದು ಗ್ಯಾಲನ್ ನೀರಿಗೆ ಒಂದು ಅಂಗುಲ ಮೀನು ಎಂಬ ಸೂತ್ರವೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. ನಮಗೆ ಈ ಸೂತ್ರದಲ್ಲಿ ನಂಬಿಕೆಯಿಲ್ಲ. ಹೇಗೆಂದರೆ, ಎರಡೂವರೆ ಸೆಂಟಿಮೀಟರ್ ಉದ್ದದ ಹತ್ತು ಮೀನುಗಳನ್ನು ಸಾಲಾಗಿಟ್ಟರೆ 25 ಸೆಂಟಿಮೀಟರ್ ಆಗುತ್ತದೆ. 25 ಸೆಂಟಿಮೀಟರಿನ ಒಂದೇ ಮೀನೂ ಅಷ್ಟೇ ಉದ್ದ. ಆದರೆ ಆಕಾರ ಒಂದೇ ಆಗಿದ್ದರೆ ತೂಕವು ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ದೊಡ್ಡ ಮೀನು ಒಂದು ಚಿಕ್ಕ ಮೀನಿನ ಹತ್ತರಷ್ಟು ಉದ್ದವಾದುದರಿಂದ ಅದರ ತೂಕ ಸಾವಿರದಷ್ಟು. ಹತ್ತು ಚಿಕ್ಕ ಮೀನುಗಳನ್ನು ಒಟ್ಟಿಗೆ ತೂಗಿದರೂ ಅದು ಅವುಗಳ ನೂರರಷ್ಟಿರುತ್ತದೆ. ತಿನ್ನುವುದೂ ಹೊಲಸು ಮಾಡುವುದೂ ಉದ್ದವಲ್ಲ, ಮೈ. ಅಲ್ಲದೆ ಅಂಗಡಿಯಲ್ಲಿ ಕಾಣುವುದು ಮರಿಯ ಉದ್ದ. ಬೆಂಕಿಪೆಟ್ಟಿಗೆಯಷ್ಟಿರುವ ಚಿನ್ನದ ಮೀನು ಸರಿಯಾಗಿ ಸಾಕಿದರೆ 15-20 ಸೆಂಟಿಮೀಟರಿಗೆ ಬೆಳೆದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಬೆರಳುದ್ದದ ಸಕ್ಕರ್ 40 ಸೆಂಟಿಮೀಟರನ್ನು ಮೀರುತ್ತದೆ. ಏಂಜಲ್ ಮೀನಿನ ಎತ್ತರ ರೆಕ್ಕೆಗಳೂ ಸೇರಿ 20 ಸೆಂಟಿಮೀಟರಿಗೂ ಹೆಚ್ಚು. ಮನೆಗಳಲ್ಲಿ ಸಾಮಾನ್ಯವಾಗಿ ಇಡುವ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ್ದು. ಲೆಕ್ಕಕ್ಕೆ 54 ಲೀಟರ್. ತಳದ ಮರಳನ್ನೂ ಮೇಲಿನ ತೆರಪನ್ನೂ ಕಳೆದರೆ ಉಳಿಯುವ ನೀರಿನ ಆಳ 23 ಸೆಂಟಿಮೀಟರ್, ಪ್ರಮಾಣ 40 ಲೀಟರಿಗೆ ತುಸು ಹೆಚ್ಚು. ಇದರಲ್ಲಿ ಬೆಳೆದ ಏಂಜಲ್ ನೆಟ್ಟಗೆ ನಿಲ್ಲುವುದೇ ಕಷ್ಟ.

ನೀರಿನ ಗುಣವನ್ನೂ ನೋಡಬೇಕು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಮಲೆನಾಡಿನ ಹೊಳೆಯ ನೀರು ಮೆದು. ಗಪ್ಪಿ, ಪ್ಲಾಟಿ ಮೊದಲಾದ, ಮರಿ ಹಾಕುವ ಮೀನುಗಳಿಗೆ ಗಡಸು ನೀರು ಹಿತ. ಅಮೆಜಾನ್ ಕಾಡಿನ ನಿಯಾನ್ ಟೆಟ್ರಾ ಹುಟ್ಟಿ ಬೆಳೆದಿರುವುದು ಮೆದುವಾದ, ತುಸು ಆಮ್ಲೀಯವಾದ ನೀರಿನಲ್ಲಿ. ತೋಟಗಳಲ್ಲಿ ಮರಿಮಾಡಿದ ಮೀನುಗಳು ಎರಡಕ್ಕೂ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತವೆಂಬುದು ನಿಜ. ಆದರೂ ಮನೆಯ ನಲ್ಲಿಯಲ್ಲಿ ಬರುವ ನೀರಿಗೆ ಒಗ್ಗುವ ಮೀನನ್ನು ಆರಿಸುವುದು, ಮೀನಿಗಾಗಿ ನೀರನ್ನು ತಿದ್ದುವುದಕ್ಕಿಂತ ಎಷ್ಟೋ ಸುಲಭ. ಕ್ಷಾರೀಯವಾದ ನೀರಿನಲ್ಲಿ ಇನ್ನೊಂದು ಅಪಾಯವೂ ಉಂಟು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿಹೆಚ್ 7 ಇರುವ ನೀರಿನೊಳಗಣ ಒಟ್ಟು ಅಮೋನಿಯದಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ವಿಷಕರ ರೂಪದಲ್ಲಿರುತ್ತದೆ. ಪಿಹೆಚ್ 8ಕ್ಕೆ ಏರಿದರೆ ಅದು ನೂರಕ್ಕೆ 5 ಪಾಲನ್ನು ದಾಟುತ್ತದೆ. ಉಷ್ಣತೆಯೂ ಹೀಗೆಯೇ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಮಿನಷ್ಟು ಮಾತ್ರ. ಚಿನ್ನದ ಮೀನು ತಂಪು ನೀರಿನ ಗೆಂಡೆಮೀನಿನ ಬಳಗದ್ದು. ಫೈಟರ್ ಸಯಾಮಿನ ಬೆಚ್ಚನೆಯ ಗದ್ದೆಗಳದ್ದು. ಒಂದಕ್ಕೆ ಹಿತವಾದ ತೊಟ್ಟಿ ಇನ್ನೊಂದಕ್ಕೆ ಶಿಕ್ಷೆ.

ಸ್ವಭಾವದ ವಿಷಯಕ್ಕೆ ಬಂದರೆ, ‘ಸಾಧು’, ‘ಪುಂಡ’ ಎಂದು ಮೀನುಗಳನ್ನು ಎರಡು ಪಂಗಡ ಮಾಡಿಬಿಡುವುದು ಅಂಗಡಿಯವರ ವಾಡಿಕೆ. ಈ ವಿಂಗಡಣೆ ಸಾಲದು. ಟೈಗರ್ ಬಾರ್ಬನ್ನೇ ನೋಡೋಣ. ಸುಮಾತ್ರ, ಬೋರ್ನಿಯೋಗಳ ಈ ಮೀನು ಗುಂಪಿನಲ್ಲಿ ಬಾಳುವುದು. ಗುಂಪಿನೊಳಗೆ ಯಾರು ಮೇಲು, ಯಾರು ಕೀಳು ಎಂಬುದನ್ನು ನಿರ್ಣಯಿಸಿಕೊಳ್ಳಲು ಇವು ಸದಾ ಒಂದನ್ನೊಂದು ಅಟ್ಟುತ್ತ, ಚುಚ್ಚುತ್ತ ಇರುತ್ತವೆ. ಎಂಟು ಹತ್ತು ಮೀನುಗಳಿದ್ದರೆ ಈ ಜಗಳ ಹಂಚಿಹೋಗಿ ಯಾವುದಕ್ಕೂ ಅಷ್ಟಾಗಿ ಪೆಟ್ಟಾಗುವುದಿಲ್ಲ. ಎರಡೇ ಇದ್ದರೆ ಸೋತದ್ದಕ್ಕೆ ಬಿಡುವೇ ಇಲ್ಲ; ಇಲ್ಲವೆ ಎರಡೂ ಸೇರಿ ಪಕ್ಕದಲ್ಲಿ ಮೆಲ್ಲಗೆ ತೇಲುವ ಉದ್ದ ರೆಕ್ಕೆಯ ಮೀನನ್ನು ಹಿಡಿಯುತ್ತವೆ. ಏಂಜಲಿನ ರೆಕ್ಕೆ ಚಿಂದಿಯಾದುದು ಹೀಗೆ. ಆದುದರಿಂದ ಪುಂಡತನ ಜಾತಿಯದಷ್ಟೇ ಅಲ್ಲ, ಸಂಖ್ಯೆಯದೂ ಹೌದು. ಹತ್ತು ಬಾರ್ಬುಗಳು ಓಡಾಡುವಷ್ಟು ಜಾಗ 40 ಲೀಟರಿನಲ್ಲಿಲ್ಲವಾಗಿ ನಾವು ಅವುಗಳನ್ನು ಚಿಕ್ಕ ತೊಟ್ಟಿಗೆ ಹೇಳುವುದಿಲ್ಲ.

ಫೈಟರಿನ ಕತೆ ಇದಕ್ಕೆ ತದ್ವಿರುದ್ಧ. ಅದರ ಗಂಡು ಒಂಟಿಬಾಳಿನದು. ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡನ್ನು ಸಹಿಸದು. ತೊಟ್ಟಿಯ ಮುಂದೆ ಕನ್ನಡಿಯನ್ನು ಹಿಡಿದರೆ ಕಿವಿರುಮುಚ್ಚಳಗಳನ್ನು ಅರಳಿಸಿಕೊಂಡು ತನ್ನ ಬಿಂಬದ ಮೇಲೆಯೇ ಏರಿಬರುವುದನ್ನು ಯಾರು ಬೇಕಾದರೂ ನೋಡಬಹುದು. (ಒಂದು ನಿಮಿಷದ ಪ್ರಯೋಗ ಸಾಕು, ದಿನವಿಡೀ ಮಾಡಿದರೆ ಮೀನು ಬಳಲುತ್ತದೆ.) ಬಣ್ಣವೂ ನೀಳವಾದ ರೆಕ್ಕೆಯೂ ಅದಕ್ಕೆ ವೈರಿಯ ಗುರುತು. ಹೀಗಿರಲಾಗಿ ಬಣ್ಣದ ಬಾಲದ ಗಂಡು ಗಪ್ಪಿಯನ್ನು ಕಂಡರೂ ಅದು ಮೇಲೆ ಬೀಳುವುದುಂಟು. ಗಿಡಗಳಿರುವ, ಸುಮಾರು 20 ಲೀಟರಿನ ಬೇರೆ ತೊಟ್ಟಿಯಲ್ಲಿ ಅದನ್ನು ಒಂಟಿಯಾಗಿ ಇಡುವುದೇ ಸರಿ; ಅದಕ್ಕೆ ಜೊತೆಯ ಕೊರತೆಯೇನೂ ಇಲ್ಲ.

ಬಾಯಿಯ ಅಳತೆಯದು ಜಗಳಕ್ಕಿಂತ ಸರಳವಾದ ವಿಷಯ: ಬಾಯಲ್ಲಿ ಹಿಡಿಸುವುದೆಲ್ಲ ಆಹಾರ. ಮರಿ ಏಂಜಲಿನೊಡನೆ ತಿಂಗಳುಗಟ್ಟಲೆ ಆಡಿಕೊಂಡಿದ್ದ ನಿಯಾನ್ ಟೆಟ್ರಾಗಳು ಏಂಜಲ್ ಬೆಳೆದ ಮೇಲೆ ಒಂದೊಂದಾಗಿ ಕಾಣೆಯಾಗುವುದನ್ನು ದ್ರೋಹವೆಂದು ಬಗೆಯಬಾರದು.

ನಮ್ಮ ಸಹ್ಯಾದ್ರಿಯಿಂದ ಪಶ್ಚಿಮಕ್ಕೆ ಹರಿಯುವ ಹೊಳೆಗಳಲ್ಲಿ, ಮುಖ್ಯವಾಗಿ ಕೇರಳದ ಕಡೆ, ಕೆಂಪು ಮತ್ತು ಕಪ್ಪು ಗೆರೆಗಳ ಒಂದು ಚೆಲುವಾದ ಮೀನಿದೆ. ವ್ಯಾಪಾರದಲ್ಲಿ ಇದಕ್ಕೆ ‘ಮಿಸ್ ಕೇರಳ’ ಎಂದು ಹೆಸರು. ಫ್ರಾನ್ಸಿಸ್ ಡೇ ಇದನ್ನು 1865ರಲ್ಲಿ ವರ್ಣಿಸಿದನು. ನಾಡಿನ ಮೀನೆಂಬ ಅಭಿಮಾನದಿಂದ ಇದನ್ನು ಕೊಳ್ಳಲು ಮನಸ್ಸಾಗುವುದು ಸಹಜ. ಆದರೆ ಇದು 15 ಸೆಂಟಿಮೀಟರಿನವರೆಗೆ ಬೆಳೆಯುವ, ಗುಂಪಾಗಿ ಬಾಳುವ, ರಭಸವಾಗಿ ಹರಿಯುವ ತಂಪು ನೀರಿನ ಮೀನು. 60 ಸೆಂಟಿಮೀಟರಿನ ತೊಟ್ಟಿ ಇದಕ್ಕೆ ಬೋನು. ಅಲಂಕಾರದ ವ್ಯಾಪಾರಕ್ಕಾಗಿ ಹೊಳೆಗಳಿಂದ ಮಿತಿಮೀರಿ ಹಿಡಿದುದೂ ಸೇರಿ ಇದು ಅಳಿವಿನ ಅಂಚಿನ ಜಾತಿಗಳ ಪಟ್ಟಿಗೆ ಬಂದಿದೆ.

ಹಾಗಾದರೆ ಆ 40 ಲೀಟರಿಗೆ ಏನನ್ನು ಬಿಡೋಣ? ಮೀನುಗಳಲ್ಲಿ ಕೆಲವು ಮೇಲ್ಪದರದಲ್ಲಿ, ಕೆಲವು ನಡುವೆ, ಕೆಲವು ತಳದಲ್ಲಿ ಓಡಾಡುತ್ತವೆ. ಬೇರೆ ಬೇರೆ ಪದರದವನ್ನು ಕೂಡಿಸಿದರೆ ಅದೇ ನೀರಿನಲ್ಲಿ ಇಕ್ಕಟ್ಟು ಕಡಿಮೆಯಾಗುತ್ತದೆ; ಹೊಲಸು ಮಾತ್ರ ಕಡಿಮೆಯಾಗದೆಂಬುದನ್ನು ಮರೆಯಬಾರದು. ನಮ್ಮ ಆಯ್ಕೆ ಆರು ಜೀಬ್ರಾ ಮೀನು, ನಾಲ್ಕೈದು ಕೊರಿಡೊರಾಸ್. ಜೀಬ್ರಾ ಮೀನು ಗಂಗಾ, ಬ್ರಹ್ಮಪುತ್ರಾ ಬಯಲಿನದು; ನಾಲ್ಕು ಸೆಂಟಿಮೀಟರಿನೊಳಗಿನ ಚುರುಕು ಮೀನು; ಮೇಲಿನ ಮತ್ತು ನಡುವಣ ನೀರಿನಲ್ಲಿ ಗುಂಪಾಗಿ ಸುತ್ತುತ್ತದೆ. ಇದನ್ನು 1822ರಲ್ಲಿ ಗಂಗೆಯ ಮೀನುಗಳ ಗ್ರಂಥದಲ್ಲಿ ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳನ್ನು ಸುತ್ತಿ ಪ್ರವಾಸಗ್ರಂಥ ಬರೆದ ಬುಕಾನನ್ನನೇ. ಹೆಸರನ್ನು ಅನಂತರ ಬದಲಾಯಿಸಿಕೊಂಡನು. ಅಂಗಡಿಯಲ್ಲಿ ಅಗ್ಗವಾದ ಈ ಮೀನು ಪ್ರಯೋಗಶಾಲೆಗಳಲ್ಲಿ ಬಹಳ ಬೆಲೆಯುಳ್ಳದ್ದು. 2013ರಲ್ಲಿ ಪ್ರಕಟವಾದ ಇದರ ಜೀನೋಮಿನ ಅಧ್ಯಯನದಿಂದ, ಮಾನವನ ಜೀನುಗಳಲ್ಲಿ ಸುಮಾರು ನೂರಕ್ಕೆ 70ಕ್ಕೆ ಇದರಲ್ಲಿ ಸರಿಜೋಡಿಯುಂಟೆಂದು ತಿಳಿದುಬಂತು. ಕೊರಿಡೊರಾಸ್ ದಕ್ಷಿಣ ಅಮೆರಿಕದ ಪುಟ್ಟ ಮೀಸೆಮೀನು; ತಳದಲ್ಲಿ ಬಿದ್ದ ಆಹಾರವನ್ನು ಮೀಸೆಯಿಂದ ಹುಡುಕಿ ತಿನ್ನುತ್ತದೆ. ಚೂಪಾದ ಜಲ್ಲಿಯಿಂದ ಆ ಮೀಸೆಗೆ ಗಾಯವಾಗುವುದರಿಂದ ನುಣುಪಾದ ಮರಳನ್ನೇ ಹಾಸಬೇಕು. ಅದು ಆಗಾಗ ಬಾಣದಂತೆ ಮೇಲೇರಿ ಒಂದು ಗುಟುಕು ಗಾಳಿಯನ್ನು ನುಂಗಿ ಕೆಳಗಿಳಿಯುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಅದರ ಕರುಳಿಗೆ ಆ ಗಾಳಿಯಿಂದ ಆಮ್ಲಜನಕವನ್ನು ಹೀರುವ ಶಕ್ತಿಯುಂಟು. ಎರಡು ಮೀನಿಗೂ 22ರಿಂದ 25 ಡಿಗ್ರಿಯ ನೀರು ಒಪ್ಪುತ್ತದೆ. ನೀರು ತೀರ ಗಡಸಾಗಿರುವ ಊರುಗಳಲ್ಲಿ ಇವುಗಳ ಬದಲು ಎಂಟು ಹತ್ತು ಗಪ್ಪಿಗಳನ್ನು ಬಿಡಬಹುದು. ಆದರೆ ಗಂಡುಗಳು ಮಾತ್ರ. ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ವೀರ್ಯವನ್ನು ಒಡಲಲ್ಲಿ ಕಾಪಿಟ್ಟುಕೊಂಡು, ಗಂಡಿನ ನೆರವಿಲ್ಲದೆಯೇ ಸುಮಾರು ತಿಂಗಳಿಗೊಮ್ಮೆ ಹಲವು ಸಲ ಮರಿ ಹಾಕಬಲ್ಲದು. ತೊಟ್ಟಿಯ ಲೆಕ್ಕವೆಲ್ಲ ಒಂದು ಬೇಸಗೆಯಲ್ಲಿ ತಲೆಕೆಳಗಾಗುತ್ತದೆ.

ಎಲ್ಲವನ್ನೂ ಒಂದೇ ದಿನ ಬಿಡಕೂಡದು. ಮೊದಲು ಜೀಬ್ರಾಗಳಲ್ಲಿ ಮೂರು. ಹದಿನೈದು ದಿನಗಳ ಮೇಲೆ ಮಿಕ್ಕವು. ಮತ್ತೆ ಹದಿನೈದು ದಿನಗಳ ಮೇಲೆ ತಳದ ಮೀನು. ಬ್ಯಾಕ್ಟೀರಿಯಗಳು ಹೆಚ್ಚಾದ ಹೊರೆಗೆ ತಕ್ಕಂತೆ ಬೆಳೆಯಲು ಈ ಕಾಲ ಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ತೆಗೆದು, ಕ್ಲೋರಿನ್ ಕಳೆದ ಹೊಸ ನೀರನ್ನು ತುಂಬಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲುಬಬೇಕು. ನಲ್ಲಿಯ ಕೆಳಗೆ ಹಿಡಿದರೆ ಆರು ವಾರದ ಕೃಷಿ ಕೊಚ್ಚಿಹೋಗುತ್ತದೆ.

ಹೆಚ್ಚಾದ ಮೀನನ್ನೂ ಮಿತಿಮೀರಿ ಬೆಳೆದ ಮೀನನ್ನೂ ಅಂಗಡಿಗೆ ಮರಳಿಸಬಹುದು, ದೊಡ್ಡ ತೊಟ್ಟಿಯುಳ್ಳ ಗೆಳೆಯರಿಗೆ ಕೊಡಬಹುದು. ಕೆರೆಗೆ ಮಾತ್ರ ಬಿಡಬಾರದು. ಕರುಣೆಯಿಂದಲೋ ಬೇಸರದಿಂದಲೋ ಯಾರೋ ಬಿಟ್ಟ ಸಕ್ಕರ್ ಮೀನುಗಳು ಇಂದು ದಕ್ಷಿಣ ಭಾರತದ ಅನೇಕ ಕೆರೆ ಹೊಳೆಗಳಲ್ಲಿ ತಾವೇ ಮರಿಮಾಡಿಕೊಂಡು ನೆಲೆಸಿವೆ. ಅವು ದಡದ ಮಣ್ಣಿನಲ್ಲಿ ಬಿಲ ತೋಡುತ್ತವೆ. ಗಟ್ಟಿಯಾದ ಮುಳ್ಳುಗಳಿಂದ ಬೆಸ್ತರ ಬಲೆಗಳನ್ನು ಹರಿಯುತ್ತವೆ.