ಮೂರು ಮೆಟ್ಟಿಲು, ಒಂದು ಅರ್ಜಿ

ನಾನು ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ, ಲೆಕ್ಕದ ಪುಸ್ತಕ ಬರೆಯುವವನು. ಓದಿದ್ದು ಹತ್ತನೆಯ ಇಯತ್ತೆಯವರೆಗೆ ಮಾತ್ರ. ಕಾಯದೆಯನ್ನು ವಕೀಲರಂತೆ ಬಿಡಿಸಿ ಹೇಳುವ ಶಕ್ತಿ ನನಗಿಲ್ಲ. ಆದರೆ ಒಂದು ಅರ್ಜಿಯ ಬೆನ್ನು ಹತ್ತಿ ಎಂಟು ತಿಂಗಳು ಅಲೆದಾಡಿ ತಿಳಿದುಕೊಂಡ ನಾಲ್ಕು ಮಾತುಗಳು ನಮ್ಮವರ ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೋದರಮಾವನವರಿಗೆ ಈಗ ಅರವತ್ತೆಂಟು ವರ್ಷ. ಚಿಕ್ಕಂದಿನಲ್ಲಿ ಪೋಲಿಯೊ ತಗಲಿ ಎಡಗಾಲು ಸೋತಿತು. ಊರುಗೋಲಿನ ಆಸರೆಯಲ್ಲೇ ಮುಂಬಯಿಯಲ್ಲಿ ನಲವತ್ತು ವರ್ಷ ದುಡಿದರು. ಮೂರು ವರ್ಷಗಳಿಂದ ಗಾಲಿಕುರ್ಚಿ ಹಿಡಿದಿದ್ದಾರೆ. ಒಂದು ದಾಖಲೆಗಾಗಿ ಅವರನ್ನು ಸಾರ್ವಜನಿಕ ಕಚೇರಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಬಾಗಿಲಿಗೆ ಮೂರು ಮೆಟ್ಟಿಲು. ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಇತ್ತು, ಗೋಡೆಯ ಮೇಲೆ ಗಾಲಿಕುರ್ಚಿಯ ನೀಲಿ ಚಿತ್ರವೂ ಇತ್ತು. ಆದರೆ ಇಳಿಜಾರಿನ ಮೇಲ್ತುದಿಯ ಕಬ್ಬಿಣದ ಬಾಗಿಲಿಗೆ ಬೀಗ, ಕೆಳತುದಿಯಲ್ಲಿ ಅಡ್ಡವಾಗಿ ಎರಡು ಸ್ಕೂಟರು. ಕೀಲಿ ಯಾರ ಬಳಿ ಇದೆಯೆಂಬುದು ಯಾರಿಗೂ ತಿಳಿಯದು.

ಕಾವಲುಗಾರನು ಒಳ್ಳೆಯವನು. "ನಾಲ್ಕು ಜನ ಸೇರಿ ಎತ್ತಿ ಒಳಗೆ ಕೂರಿಸುತ್ತೇವೆ" ಎಂದನು. ಮಾವನವರು ನಕ್ಕರು. ನನ್ನ ಕಡೆ ತಿರುಗಿ, "ನಾಲ್ಕು ಜನರ ಹೆಗಲೇರೋದಕ್ಕೆ ನನಗಿನ್ನೂ ಹೊತ್ತಿದೆಯಪ್ಪಾ, ನಡಿ, ಮನೆಗೆ ಹೋಗೋಣ" ಎಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನವೇ ಅರ್ಜಿ ಬರೆದೆ. ಅಂಗವಿಕಲರಿಗೆ ಬಹಳ ತೊಂದರೆಯಾಗುತ್ತಿದೆ, ಮಾನವೀಯತೆಯಿಂದ ನೋಡಬೇಕು, ಎಂದು ಎರಡು ಪುಟ ತುಂಬಿಸಿದೆ. ಆರು ವಾರಗಳಾದ ಮೇಲೆ ಒಂದು ಸಾಲಿನ ಉತ್ತರ ಬಂತು: ಸದರಿ ಕಚೇರಿಯಲ್ಲಿ ಇಳಿಜಾರು ಮಾರ್ಗವನ್ನು ಈಗಾಗಲೇ ಒದಗಿಸಲಾಗಿದೆ. ಇದು ಸುಳ್ಳಲ್ಲ, ಇಳಿಜಾರು ಇದ್ದೇ ಇತ್ತು. ತಪ್ಪು ನನ್ನ ಅರ್ಜಿಯದು. ಅದರಲ್ಲಿ ಸಿಟ್ಟು ಇತ್ತು, ಅಳತೆ ಇರಲಿಲ್ಲ. ಲೆಕ್ಕ ಬರೆಯುವವನಾಗಿ ನಾನು ಇದನ್ನು ಮೊದಲೇ ತಿಳಿಯಬೇಕಿತ್ತು.

ಎರಡನೆಯ ಸಲ ಅಳತೆಪಟ್ಟಿ ತೆಗೆದುಕೊಂಡು ಹೋದೆ. ಗಾಲಿಕುರ್ಚಿಯ ಇಳಿಜಾರಿಗೆ ಸರಕಾರದ ಮಾರ್ಗಸೂಚಿಯಲ್ಲಿ ಹೇಳಿರುವ ಪ್ರಮಾಣ ಒಂದಕ್ಕೆ ಹನ್ನೆರಡು. ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅಲ್ಲಿನ ಮೂರು ಮೆಟ್ಟಿಲುಗಳ ಒಟ್ಟು ಎತ್ತರ 45 ಸೆಂಟಿಮೀಟರ್. ಇದಕ್ಕೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಇದ್ದುದು 1.8 ಮೀಟರ್, ಅಂದರೆ ಒಂದಕ್ಕೆ ನಾಲ್ಕು. ಇಂಥ ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಸ್ವಂತ ಕೈಯಿಂದ ನೂಕಿಕೊಂಡು ಹತ್ತಲಾಗದು. ಹಿಂದಕ್ಕೆ ಮಗುಚುವ ಅಪಾಯವೂ ಉಂಟು. ಇಷ್ಟನ್ನು ಅಂಕಿಗಳಲ್ಲಿ ಬರೆದು, ಬೀಗದ ಮತ್ತು ಸ್ಕೂಟರುಗಳ ಚಿತ್ರಗಳನ್ನು ಸೇರಿಸಿ, ಅರ್ಧ ಪುಟದಲ್ಲಿ ಮುಗಿಸಿದೆ. ಎರಡು ತಿಂಗಳಲ್ಲಿ ಬೀಗ ಹೋಯಿತು. ಸ್ಕೂಟರು ನಿಲ್ಲಿಸಬಾರದೆಂಬ ಫಲಕ ಬಂತು.

ಇದರಿಂದ ನಾನು ಕಲಿತದ್ದು ಇಷ್ಟು. ಅರ್ಜಿಯಲ್ಲಿ ಐದು ಸಂಗತಿಗಳಿರಬೇಕು:

1. ಸ್ಥಳ. ಕಟ್ಟಡ, ಯಾವ ಬಾಗಿಲು, ಯಾವ ಮಹಡಿ. ನಿಲ್ದಾಣವಾದರೆ ಪ್ಲಾಟ್‌ಫಾರ್ಮಿನ ಸಂಖ್ಯೆ.

2. ದಿನಾಂಕ ಮತ್ತು ವೇಳೆ. ಲಿಫ್ಟು ಕೆಟ್ಟಿದೆ ಎಂದಷ್ಟೇ ಬರೆದರೆ, ಮರುದಿನ ಚೆನ್ನಾಗಿತ್ತು ಎಂಬ ಉತ್ತರ ಬಂದೀತು.

3. ಅಳತೆ ಅಥವಾ ಎಣಿಕೆ. ಬಾಗಿಲಿನ ತೆರಪು 90 ಸೆಂಟಿಮೀಟರ್ ಇರಬೇಕು. ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು.

4. ಯಾರಿಗೆ, ಯಾವ ಕೆಲಸಕ್ಕೆ ಅಡ್ಡಿಯಾಯಿತು ಎಂಬುದು.

5. ಏನು ಮಾಡಬೇಕೆಂಬ ಒಂದೇ ಸ್ಪಷ್ಟ ಬೇಡಿಕೆ. ಬೀಗ ತೆಗೆಯುವುದು ಒಂದು ದಿನದ ಕೆಲಸ, ಇಳಿಜಾರು ಕಟ್ಟುವುದು ವರ್ಷದ ಕೆಲಸ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ಇಲ್ಲವಾದರೆ ಸಣ್ಣ ಕೆಲಸವೂ ದೊಡ್ಡದರ ಜೊತೆಗೆ ನಿಂತುಹೋಗುತ್ತದೆ.

ಅಡಚಣೆಯೆಂದರೆ ಮೆಟ್ಟಿಲು ಮಾತ್ರವೆಂದು ತಿಳಿಯಬಾರದು. ನಿಲ್ದಾಣಗಳ ನೆಲದಲ್ಲಿರುವ ಹಳದಿ ಹಾಸು ಕಣ್ಣಿಲ್ಲದವರ ದಾರಿ. ಉದ್ದಗೆರೆಗಳಿದ್ದರೆ ಮುಂದೆ ಸಾಗಬಹುದು, ಗುಂಡುಚುಕ್ಕೆಗಳಿದ್ದರೆ ಎಚ್ಚರವಾಗಿರಬೇಕು ಎಂದು ಅದರ ಅರ್ಥ. ಅದರ ಮೇಲೆ ಒಂದು ಕಂಬವೋ ಸಾಮಾನಿನ ಪೆಟ್ಟಿಗೆಯೋ ಬಂದರೆ, ನಂಬಿ ನಡೆದವನಿಗೆ ಮುಖಕ್ಕೇ ಪೆಟ್ಟು. ಸರದಿಯ ಸಂಖ್ಯೆಯನ್ನು ಬಾಯಲ್ಲಿ ಕೂಗಿದರೆ ಕಿವಿ ಕೇಳದವರು ಸಂಜೆಯವರೆಗೂ ಕುಳಿತೇ ಇರುತ್ತಾರೆ. ಅಂಗವಿಕಲರ ಶೌಚಾಲಯದಲ್ಲಿ ಪೊರಕೆ, ಬಕೆಟ್ಟು ತುಂಬಿಟ್ಟು ಕೋಣೆಗೆ ಬೀಗ ಹಾಕಿರುವುದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು.

ಇದೆಲ್ಲ ದಯೆಯ ವಿಷಯವಲ್ಲ, ಹಕ್ಕಿನ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯದೆಯು 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿದೆ. 1995ರ ಹಳೆಯ ಕಾಯದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದರೆ ಇದರಲ್ಲಿ 21 ಇವೆ. ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರೂ ಬಳಸುವಂತೆ ಮಾಡಬೇಕೆಂದು ಅದರ 45ನೆಯ ಕಲಮು ಹೇಳುತ್ತದೆ. ನಿಯಮಗಳು ಪ್ರಕಟವಾದದ್ದು 2017ರ ಜೂನ್ ತಿಂಗಳಲ್ಲಿ. ಆದರೆ ಆ ನಿಯಮಗಳಲ್ಲಿ ಅಳತೆಗಳು ಬರಿಯ ಸಲಹೆಯ ರೂಪದಲ್ಲಿದ್ದವು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ, ಕಾಯದೆ ಕಡ್ಡಾಯವೆಂದದ್ದನ್ನು ನಿಯಮವು ಸಲಹೆಗೆ ಇಳಿಸಲಾಗದೆಂದು ತೀರ್ಪು ಕೊಟ್ಟು, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮಗಳನ್ನು ರಚಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು.

ಒಬ್ಬನ ಕಾಗದದಿಂದ ಏನಾದೀತು ಎನ್ನುವವರಿಗೆ ನಮ್ಮ ಮುಂಬಯಿಯದೇ ಉದಾಹರಣೆ ಇದೆ. ಕಾಲುದಾರಿಗಳ ಮೇಲೆ ಮೋಟಾರು ಸೈಕಲ್ಲುಗಳು ನುಗ್ಗಬಾರದೆಂದು ಅವುಗಳ ಬಾಯಲ್ಲಿ ಗಿಡ್ಡ ಕಂಬಗಳನ್ನು ನೆಟ್ಟರು. ಉದ್ದೇಶ ಒಳ್ಳೆಯದು. ಆದರೆ ಕಂಬಗಳು ಒತ್ತೊತ್ತಾಗಿದ್ದು ಗಾಲಿಕುರ್ಚಿಯೂ ಒಳಹೋಗದಂತಾಯಿತು. ಗಾಲಿಕುರ್ಚಿ ಬಳಸುವ ನಿವಾಸಿಯೊಬ್ಬರು ಉಚ್ಚ ನ್ಯಾಯಾಲಯಕ್ಕೆ ಬರೆದರು. 2023ರಲ್ಲಿ ನ್ಯಾಯಾಲಯವು ಅದನ್ನೇ ಸ್ವಯಂಪ್ರೇರಣೆಯಿಂದ ಸಾರ್ವಜನಿಕ ಹಿತದ ಅರ್ಜಿಯಾಗಿ ಎತ್ತಿಕೊಂಡು ಮಹಾನಗರಪಾಲಿಕೆಯನ್ನು ಪ್ರಶ್ನಿಸಿತು.

ಎಲ್ಲಿಗೆ ಕಳಿಸಬೇಕು? ಮೊದಲು ಆ ಕಚೇರಿಯ ಮುಖ್ಯಸ್ಥರಿಗೇ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿರಿ. ರೈಲ್ವೆಯ ವಿಷಯವಾದರೆ 139ಕ್ಕೆ ಫೋನು ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿರಿ. 2021ರಲ್ಲಿ ಕೇಂದ್ರ ಸರಕಾರವು ಸುಗಮ್ಯ ಭಾರತ ಎಂಬ ಮೊಬೈಲ್ ಆ್ಯಪನ್ನು ಹೊರತಂದಿತು. ಅಡಚಣೆಯ ಚಿತ್ರ ತೆಗೆದು ಕಳಿಸಲೆಂದೇ ಅದನ್ನು ಮಾಡಿದ್ದಾರೆ. ಇಷ್ಟರಿಂದಲೂ ಆಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಸಾಕ್ಷಿಗಳನ್ನೂ ಕಾಗದಪತ್ರಗಳನ್ನೂ ತರಿಸಿಕೊಳ್ಳುವಲ್ಲಿ ಅವರಿಗೆ ದಿವಾಣಿ ನ್ಯಾಯಾಲಯದ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಕಚೇರಿಯು ಮೂರು ತಿಂಗಳೊಳಗೆ ಕೈಕೊಂಡ ಕ್ರಮವನ್ನು ತಿಳಿಸಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು. ನಿಮ್ಮ ಅರ್ಜಿ ಯಾವ ಮೇಜಿನ ಮೇಲಿದೆಯೆಂಬುದನ್ನು 2005ರ ಮಾಹಿತಿ ಹಕ್ಕಿನ ಕಾಯದೆಯಂತೆ ಕೇಳಬಹುದು. ಅದಕ್ಕೆ 30 ದಿನಗಳ ಗಡುವು ಉಂಟು.

ಮಾವನವರ ಕೆಲಸವೇನಾಯಿತು? ಬೀಗ ಹೋದ ಮೇಲೆ ಅದೇ ಕಡಿದಾದ ಇಳಿಜಾರಿನಲ್ಲಿ ಇಬ್ಬರು ಹಿಂದಿನಿಂದ ನೂಕಿ ಒಳಗೆ ಹೋದೆವು, ಕಾಗದ ಸಿಕ್ಕಿತು. ಇಳಿಜಾರನ್ನು ಉದ್ದ ಮಾಡುವ ಮಾತು ಮುಂದಿನ ದುರಸ್ತಿಗೆ ಎಂದಿದ್ದಾರೆ. ಅದಕ್ಕಾಗಿ ಆಯುಕ್ತರಿಗೆ ಬರೆದಿದ್ದೇನೆ; ದಾರಿ ಕಾಯುತ್ತಿದ್ದೇನೆ.

ಕೊನೆಗೆ ಒಂದು ಮಾತು. ಅಳತೆಪಟ್ಟಿ ಕೈಯಲ್ಲಿದ್ದ ದಿನ ನಮ್ಮ ವಾಚನಾಲಯದ ಬಾಗಿಲನ್ನೂ ಅಳೆದೆ. ಎರಡು ಮೆಟ್ಟಿಲು, ಎತ್ತರ 30 ಸೆಂಟಿಮೀಟರ್. ಬೇಕಾದ ಇಳಿಜಾರು 3.6 ಮೀಟರ್. ನೇರವಾಗಿ ಕಟ್ಟಿದರೆ ಓಣಿಗೆ ಅಡ್ಡ ಬರುತ್ತದೆ. ಗೋಡೆಗುಂಟ ಪಕ್ಕಕ್ಕೆ ತಿರುಗಿಸಿದರೆ ಆದೀತು. ಇಪ್ಪತ್ತು ವರ್ಷ ಇಲ್ಲಿ ಕುಳಿತು ಪತ್ರಿಕೆ ಓದಿದ ಮಾವನವರಿಗೆ ಈಗ ನಾನು ಹಳೆಯ ಸಂಚಿಕೆಗಳನ್ನು ಮನೆಗೆ ಒಯ್ದು ಕೊಡುತ್ತೇನೆ. ಅವರೆಂದೂ ದೂರಿಲ್ಲ, ಆದುದರಿಂದಲೇ ನಮಗಾರಿಗೂ ಹೊಳೆದಿರಲಿಲ್ಲ. ಅಳತೆಯ ಸಮೇತ ಅರ್ಜಿಯೊಂದನ್ನು ನಮ್ಮ ಕಾರ್ಯಕಾರಿ ಸಮಿತಿಗೂ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆದಿದ್ದೇನೆ.

ಭಾನುವಾರ ಸಂಜೆ ನಾನು ವಾಚನಾಲಯದಲ್ಲಿರುತ್ತೇನೆ. ಮರಾಠಿಯಲ್ಲಿ ಅರ್ಜಿ ಬರೆಯಲು ಬಾರದವರು ಸಂಕೋಚಪಡಬೇಕಿಲ್ಲ. ಸ್ಥಳ, ದಿನಾಂಕ, ಅಳತೆ ಇಷ್ಟನ್ನು ತನ್ನಿರಿ, ಕುಳಿತು ಬರೆಯೋಣ.