ವಿಮಾನ ಮಾರ್ಗದ ದೂರ ಮತ್ತು ಪ್ರಯಾಣದ ಅವಧಿ

ಚೆನ್ನೈ ನಗರದ ಉತ್ತರ ಅಂಚಿನಲ್ಲಿರುವ ಎಣ್ಣೂರು ಬಂದರು ಮತ್ತು ಕೈಗಾರಿಕೆಗಳ ಊರು. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬವೊಂದಕ್ಕೆ ಮೈಸೂರಿನಿಂದ ತುರ್ತು ಕರೆ ಬಂದರೆ ರೈಲಿನಲ್ಲಿ ಹೊರಡಬೇಕೆ, ವಿಮಾನದಲ್ಲಿ ಹೊರಡಬೇಕೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಕಂಡುಕೊಳ್ಳಲು ದೂರವನ್ನು ಅಳೆಯುವ ಬಗೆಯನ್ನು ಮೊದಲು ತಿಳಿಯಬೇಕು.

ಚೆನ್ನೈನಿಂದ ಮೈಸೂರಿಗೆ ರೈಲು ಮಾರ್ಗ ಸುಮಾರು 500 ಕಿ.ಮೀ. ಮೀನಂಬಾಕ್ಕಂ ವಿಮಾನ ನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ನೇರ ಅಂತರ ಸುಮಾರು 390 ಕಿ.ಮೀ. ಮಾತ್ರ. ವೈಮಾನಿಕರ ಲೆಕ್ಕದಲ್ಲಿ ಇದು ಸುಮಾರು 211 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಭೂಮಿ ಗೋಲಾಕಾರವಾಗಿರುವುದರಿಂದ ಅತ್ಯಂತ ಹತ್ತಿರದ ದಾರಿ ನಕಾಶೆಯ ಸರಳ ರೇಖೆಗೆ ಹೊಂದಿಕೆಯಾಗುವುದಿಲ್ಲ. ಇಷ್ಟು ಸಮೀಪದ ಊರುಗಳಿಗೆ ಆ ವ್ಯತ್ಯಾಸ ನಗಣ್ಯ. ಆದರೆ 2021ರ ಜನವರಿಯಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನವು ಇದೇ ಕಾರಣದಿಂದ ಉತ್ತರ ಧ್ರುವದ ಮೇಲೆ ಹಾದುಬಂದಿತು.

ದೂರವನ್ನು ವೇಗದಿಂದ ಭಾಗಿಸಿದರೆ ಅವಧಿ ದೊರೆಯಬೇಕಷ್ಟೆ? ವಾಸ್ತವವಾಗಿ ಹಾಗಿಲ್ಲ. ಮಂಡಕಳ್ಳಿ ನಿಲ್ದಾಣವನ್ನು 2010ರಲ್ಲಿ ಅಭಿವೃದ್ಧಿಪಡಿಸಿ ತೆರೆದಾಗ ಅಲ್ಲಿನ ರನ್‌ವೇಯ ಉದ್ದ 1,740 ಮೀಟರ್. ದೊಡ್ಡ ಜೆಟ್ ವಿಮಾನಗಳಿಗೆ ಇದು ಸಾಲದು. ಎಟಿಆರ್ 72ರಂತಹ ಪ್ರೊಪೆಲ್ಲರ್ ವಿಮಾನಗಳಿಗೆ ಸಾಕು. ಇವುಗಳ ವೇಗ ಗಂಟೆಗೆ ಸುಮಾರು 500 ಕಿ.ಮೀ., ಜೆಟ್‌ಗಳದು 800 ಕಿ.ಮೀ.ಗೂ ಹೆಚ್ಚು. ಎಟಿಆರ್ ವೇಗದಲ್ಲಿ 390 ಕಿ.ಮೀ. ಕ್ರಮಿಸಲು 47 ನಿಮಿಷ ಬೇಕು. ಗಂಟೆಗೆ 50 ಕಿ.ಮೀ. ವೇಗದ ಎದುರುಗಾಳಿ ಬೀಸಿದರೆ 52 ನಿಮಿಷ. ಅದೇ ಗಾಳಿ ಹಿಂದಿನಿಂದ ತಳ್ಳಿದರೆ 43 ನಿಮಿಷ. ಇದಲ್ಲದೆ ನೆಲದ ಮೇಲಿನ ಚಲನೆ, ಏರುವಿಕೆ, ಇಳಿಯಲು ಸರದಿಗಾಗಿ ಸುತ್ತುವಿಕೆ ಮೊದಲಾದವು ಸೇರುತ್ತವೆ. ಆದಕಾರಣ ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮೀರಿದ ಅವಧಿಯನ್ನು ತೋರಿಸಲಾಗುತ್ತದೆ. ಇದು ವಿಮಾನವು ನಿಂತ ಸ್ಥಳದಿಂದ ಹೊರಟು ಮತ್ತೆ ನಿಲ್ಲುವವರೆಗಿನ ಕಾಲವೇ ಹೊರತು ಕೇವಲ ಆಕಾಶದಲ್ಲಿರುವ ಕಾಲವಲ್ಲ.

ಎಣ್ಣೂರಿನವರು ಮನೆಯಿಂದ ಮನೆಗೆ ಲೆಕ್ಕ ಹಾಕುವುದು ಮೇಲು. 2021ರ ಫೆಬ್ರವರಿಯಲ್ಲಿ ಮೆಟ್ರೋ ರೈಲು ಪಕ್ಕದ ವಿಮ್ಕೋ ನಗರದವರೆಗೆ ವಿಸ್ತರಣೆಗೊಂಡಿತು. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಸುಮಾರು ಒಂದು ಗಂಟೆ. ಮನೆಯಿಂದ ಮೆಟ್ರೋ ತಲುಪುವುದೂ ಸೇರಿ ಒಂದೂವರೆ ಗಂಟೆ. ತಪಾಸಣೆಗಾಗಿ ಎರಡು ಗಂಟೆ, ವಿಮಾನದಲ್ಲಿ ಒಂದೂಕಾಲು ಗಂಟೆ, ಮಂಡಕಳ್ಳಿಯಿಂದ ಊರೊಳಗೆ ಮುಕ್ಕಾಲು ಗಂಟೆ ಹಿಡಿದರೆ ಒಟ್ಟು ಐದೂವರೆ ಗಂಟೆ. 2022ರ ನವೆಂಬರ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲಿಗೆ ಸುಮಾರು ಆರೂವರೆ ಗಂಟೆ. ಸೆಂಟ್ರಲ್ ನಿಲ್ದಾಣ ತಲುಪುವುದು, ಕಾಯುವುದು ಸೇರಿ ಏಳೂಮುಕ್ಕಾಲು ಗಂಟೆ. ಹೀಗೆ ಉಳಿಯುವುದು ಎರಡು ಗಂಟೆಯ ಆಸುಪಾಸು; ಟಿಕೆಟ್ಟಿನ ಮೇಲಿನ ವೇಳೆ ಸೂಚಿಸುವಂತೆ ಐದು ಗಂಟೆಯಲ್ಲ. ವಿಮಾನ ತಡವಾದರೆ ಈ ಉಳಿತಾಯವೂ ಕರಗುತ್ತದೆ.

ದೂರಕ್ಕೂ ದರಕ್ಕೂ ಸಂಬಂಧವುಂಟು. 2016ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ‘ಉಡಾನ್’ ಯೋಜನೆಯಲ್ಲಿ ಒಂದು ಗಂಟೆಯ, ಅಂದರೆ ಸುಮಾರು 500 ಕಿ.ಮೀ. ಪ್ರಯಾಣಕ್ಕೆ 2,500 ರೂಪಾಯಿಯ ಮಿತಿಯನ್ನು ಆರಂಭದಲ್ಲಿ ಗೊತ್ತುಪಡಿಸಲಾಯಿತು. 2017ರ ಸೆಪ್ಟೆಂಬರ್‌ನಲ್ಲಿ ಮೈಸೂರು–ಚೆನ್ನೈ ಸಂಚಾರ ಈ ಯೋಜನೆಯಡಿ ಆರಂಭಗೊಂಡಿತು. ಈ ಮಿತಿ ಎಲ್ಲ ಆಸನಗಳಿಗೂ ಅನ್ವಯಿಸುವುದಿಲ್ಲ, ಸಾಮಾನ್ಯವಾಗಿ ಅರ್ಧದಷ್ಟಕ್ಕೆ ಮಾತ್ರ. ಒಂದು ಮಾರ್ಗಕ್ಕೆ ಸಹಾಯಧನ ದೊರೆಯುವುದೂ ಮೂರು ವರ್ಷಗಳವರೆಗೆ. ಆ ಬಳಿಕ ದರ ಏರಬಹುದು, ಸಂಚಾರವೇ ನಿಲ್ಲಬಹುದು. ಆದ್ದರಿಂದ ಹೊರಡುವ ಮುನ್ನ ಆ ದಿನದ ವಿಮಾನವನ್ನೂ ದರವನ್ನೂ ವಿಚಾರಿಸಿಕೊಳ್ಳತಕ್ಕದ್ದು.